ಬೆಟ್ಟದ ಊಟ, ಮೈಯ ರಕ್ತ



ಮಹಿಳೆಯರ ವಾರ್ಡಿನಲ್ಲಿ ನಾವು ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಬೆಟ್ಟದ ಪೋಡಿನಿಂದ ಒಬ್ಬ ತಾಯಿಯನ್ನು ಕರೆತರುತ್ತಾರೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಕಣ್ಣಿನ ರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಎಲ್ಲವೂ ಬಿಳಿಚಿಕೊಂಡಿರುತ್ತವೆ. ಪರೀಕ್ಷೆ ಮಾಡಿದರೆ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 6 ಗ್ರಾಂಗೆ ಇಳಿದಿರುತ್ತದೆ. ರಕ್ತ ಕೊಡುತ್ತೇವೆ, ಚೇತರಿಸಿಕೊಳ್ಳುತ್ತಾರೆ, ಮಾತ್ರೆ ಕೊಟ್ಟು ಮನೆಗೆ ಕಳುಹಿಸುತ್ತೇವೆ. ನಾಲ್ಕಾರು ತಿಂಗಳು ಕಳೆಯುವುದರೊಳಗೆ ಅದೇ ತಾಯಿ ಅದೇ ಸ್ಥಿತಿಯಲ್ಲಿ ಮರಳಿ ಬರುತ್ತಾರೆ.

ಆಗ ಪಕ್ಕದ ಮಂಚದ ಕಡೆಯಿಂದ ಒಂದು ಮಾತು ಕೇಳಿಬರುವುದುಂಟು: "ಕಾಡಿನೋರು, ಸೊಪ್ಪು ಗೆಡ್ಡೆ ತಿಂದ್ಕೊಂಡು ಇದ್ರೆ ಮೈಗೆ ರಕ್ತ ಎಲ್ಲಿಂದ ಬರಬೇಕು?" ಈ ಮಾತು ತಿಳಿಯದೆ ಆಡಿದ ಮಾತು. ನಿಜ ಸಂಗತಿ ಇದಕ್ಕೆ ತದ್ವಿರುದ್ಧವಾಗಿದೆ. ಸೊಪ್ಪು, ಗೆಡ್ಡೆ, ರಾಗಿ, ಕಾಳು, ನೆಲ್ಲಿಕಾಯಿ ಇವೆಲ್ಲ ತಟ್ಟೆಯಿಂದ ಮರೆಯಾಗುತ್ತಿರುವುದರಿಂದಲೇ ಆ ತಾಯಿಯ ರಕ್ತ ಇಳಿಯುತ್ತಿದೆ. ಇದನ್ನು ಬೆಟ್ಟದವರೂ ಬಯಲಿನವರೂ ಒಟ್ಟಿಗೆ ಅರಿತುಕೊಳ್ಳಲಿ ಎಂಬುದೇ ಈ ಬರಹದ ಉದ್ದೇಶ.

ಸೋಲಿಗರು ಮತ್ತು ಅವರ ಬೆಟ್ಟ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಅವುಗಳ ಸುತ್ತಿನ ಕಾಡು ಸೋಲಿಗರ ನೆಲೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇವರ ಸಂಖ್ಯೆ ಸುಮಾರು 34 ಸಾವಿರ. ಗಡಿಯಾಚೆ ತಮಿಳುನಾಡಿನ ಈರೋಡು ಜಿಲ್ಲೆಯ ಕಾಡಿನಲ್ಲಿಯೂ ಇದ್ದಾರೆ. ತಮ್ಮ ವಾಸದ ನೆಲೆಯನ್ನು ಪೋಡು ಎನ್ನುತ್ತಾರೆ. ಬಿಳಿಗಿರಿ ರಂಗಸ್ವಾಮಿಯು ತಮ್ಮ ಕುಲದ ಹೆಣ್ಣನ್ನು ವರಿಸಿದನೆಂದು ನಂಬಿ ಆತನನ್ನು ಪ್ರೀತಿಯಿಂದ ರಂಗಬಾವ ಎಂದು ಕರೆಯುತ್ತಾರೆ. ಮಾದಪ್ಪನಿಗೂ ನಡೆದುಕೊಳ್ಳುತ್ತಾರೆ. ನಮ್ಮ ಭಾಗದ ಅನೇಕ ಮನೆಗಳಂತೆ ಅವರ ಮನೆಗಳಲ್ಲಿಯೂ ಮಾದಪ್ಪನ ಹೆಸರು ಹೇಳಿಯೇ ದೀಪ ಹಚ್ಚುವುದು.

ಈ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿ, ವೈದ್ಯಸೇವೆಯೊಂದಿಗೆ ಶಿಕ್ಷಣ ಮತ್ತು ಜೀವನೋಪಾಯದ ಕೆಲಸವನ್ನೂ ಕೈಗೊಂಡರು. ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ದೊರೆತವು. ಔಷಧವೊಂದರಿಂದಲೇ ಆರೋಗ್ಯ ಬರುವುದಿಲ್ಲ, ಊಟ, ದುಡಿಮೆ ಮತ್ತು ನೆಲದ ಹಕ್ಕು ಅದರೊಂದಿಗೆ ಸೇರಿರಬೇಕು ಎಂಬುದು ಆ ಬೆಟ್ಟದ ಅನುಭವ ಕಲಿಸಿದ ಪಾಠ.

ಹಿಂದಿನ ತಟ್ಟೆಯಲ್ಲಿ ಏನಿತ್ತು?

ಹಿಂದೆ ಸೋಲಿಗರು ಕಾಡಿನ ನಡುವೆ ಸಣ್ಣ ಸಣ್ಣ ತುಂಡು ಭೂಮಿಯಲ್ಲಿ ಬೇಸಾಯ ಮಾಡಿ, ಕೆಲವು ವರ್ಷಗಳ ನಂತರ ಆ ಭೂಮಿಯನ್ನು ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ರಾಗಿಯ ಜೊತೆಯಲ್ಲಿಯೇ ಅವರೆ, ಸಾಸಿವೆ, ಕುಂಬಳ, ದಂಟು ಬೆಳೆಯುತ್ತಿದ್ದವು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ಇದರ ಜೊತೆಗೆ ಕಾಡು ಕೊಡುತ್ತಿದ್ದುದು ಬೇರೆ: ಮಳೆ ಬಿದ್ದೊಡನೆ ಬಗೆಬಗೆಯ ಸೊಪ್ಪು ಮತ್ತು ಅಣಬೆ, ಅನಂತರ ಕಳಲೆ, ಬೇಸಿಗೆಯಲ್ಲಿ ಹಣ್ಣುಹಂಪಲು ಮತ್ತು ಜೇನು, ಚಳಿಗಾಲದಲ್ಲಿ ನೆಲ್ಲಿಕಾಯಿ, ಕಣಜ ಬರಿದಾದಾಗ ನೂರೆಯಂತಹ ಕಾಡುಗೆಣಸು. ಗೆಣಸು ಅಗೆಯುವಾಗ ಬಳ್ಳಿಯ ಬುಡವನ್ನು ಉಳಿಸಿ ಮಣ್ಣು ಮುಚ್ಚಿ ಬರುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಮುಂದಿನ ವರ್ಷವೂ ಅಲ್ಲಿಯೇ ಗೆಣಸು ಸಿಗಬೇಕಲ್ಲ!

ಪೌಷ್ಟಿಕಾಂಶದ ದೃಷ್ಟಿಯಿಂದ ಈ ಊಟವನ್ನು ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಕಬ್ಬಿಣಾಂಶವೂ ನಾರಿನಂಶವೂ ರಾಗಿಯಲ್ಲಿಯೇ ಹೆಚ್ಚು. ಸೊಪ್ಪಿನಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಕಣ್ಣಿಗೆ ಬೇಕಾದ 'ಎ' ಜೀವಸತ್ವದ ಮೂಲವಸ್ತು ಇವೆ. ಅವರೆ, ಹುರುಳಿ ಮುಂತಾದ ಕಾಳುಗಳಲ್ಲಿ ಸಸಾರಜನಕವಿದೆ. ನೆಲ್ಲಿಕಾಯಿಯಲ್ಲಿ ಕಿತ್ತಳೆಗಿಂತ ಹಲವು ಪಾಲು ಹೆಚ್ಚು 'ಸಿ' ಜೀವಸತ್ವವಿದ್ದು, ಅದು ಸೊಪ್ಪಿನ ಮತ್ತು ರಾಗಿಯ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ. ಹಿಟ್ಟು, ಬೆರಕೆ ಸೊಪ್ಪಿನ ಸಾರು, ಕಾಳು, ಮೇಲೊಂದು ನೆಲ್ಲಿಕಾಯಿ. ಆಹಾರ ತಜ್ಞರು ಇಂದು ಚೀಟಿಯಲ್ಲಿ ಬರೆದುಕೊಡುವುದೂ ಇದನ್ನೇ.

ಹಾಗೆಂದು ಹಿಂದೆ ಎಲ್ಲವೂ ಸುಖವಾಗಿತ್ತು ಎಂದು ಹೇಳುವುದು ಸರಿಯಲ್ಲ. ಮಳೆ ತಪ್ಪಿದ ವರ್ಷ ಹಸಿವಿತ್ತು, ಜ್ವರಕ್ಕೆ ಮದ್ದಿರಲಿಲ್ಲ, ಹೆರಿಗೆಯಲ್ಲಿ ಜೀವಹಾನಿಯಾಗುತ್ತಿತ್ತು. ಆದರೆ ಊಟದಲ್ಲಿ ವೈವಿಧ್ಯವಿತ್ತು ಎಂಬುದನ್ನು ಮರೆಯಬಾರದು.

ತಟ್ಟೆ ಬದಲಾದದ್ದು ಹೇಗೆ?

ಇದು ಒಂದೇ ದಿನದಲ್ಲಿ ಆದ ಬದಲಾವಣೆಯಲ್ಲ.

1974ರಲ್ಲಿ ಬಿಳಿಗಿರಿರಂಗನ ಬೆಟ್ಟವು ವನ್ಯಜೀವಿ ಧಾಮವಾಯಿತು. ಸ್ಥಳ ಬದಲಿಸುವ ಬೇಸಾಯ ನಿಂತಿತು. ಅನೇಕ ಕುಟುಂಬಗಳು ಕಾಡಿನೊಳಗಿನ ನೆಲೆಯನ್ನು ಬಿಟ್ಟು ರಸ್ತೆಯ ಬದಿಯ ಪೋಡುಗಳಿಗೆ ಬಂದವು. ಸಿಕ್ಕ ಅಲ್ಪ ಭೂಮಿಯಲ್ಲಿ ರಾಗಿ ಬೆಳೆದರೆ ಆನೆ, ಹಂದಿಗಳ ಕಾಟ. ಹೀಗಾಗಿ ಹಲವರು ಪ್ರಾಣಿಗಳು ಅಷ್ಟಾಗಿ ಮುಟ್ಟದ, ಕೈಗೆ ಹಣ ಕೊಡುವ ಕಾಫಿಗೆ ತಿರುಗಿದರು. ಕಾಫಿ ಹಣವನ್ನೇನೋ ತರುತ್ತದೆ, ಆದರೆ ಅದನ್ನು ಹಿಟ್ಟು ಮಾಡಿ ಉಣ್ಣಲಾಗದು.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿಯಾಯಿತು. ಅದರ ಪರಿಣಾಮವಾಗಿ ಧಾಮದೊಳಗೆ ಮಾರಾಟಕ್ಕಾಗಿ ಜೇನು, ನೆಲ್ಲಿಕಾಯಿ, ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವುದಕ್ಕೆ ತಡೆ ಬಿದ್ದಿತು. ಲ್ಯಾಂಪ್ಸ್ ಸೊಸೈಟಿಗೆ ಅವನ್ನು ಹಾಕಿ ಬರುತ್ತಿದ್ದ ಹಣದಿಂದಲೇ ಬೇಳೆ, ಎಣ್ಣೆ, ಬಟ್ಟೆ ಕೊಳ್ಳುತ್ತಿದ್ದ ಮನೆಗಳು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳ ಕಡೆಗೆ ಹೊರಟವು. ತಾಯಿ ತಂದೆ ತೋಟದ ಲೈನಿನಲ್ಲಿದ್ದಾಗ ಮಗುವಿಗೆ ಊರಿನ ಅಂಗನವಾಡಿಯ ಊಟ ತಪ್ಪುತ್ತದೆ, ಚುಚ್ಚುಮದ್ದೂ ತಪ್ಪುತ್ತದೆ.

ಮೂರನೆಯದು ಲಾಂಟಾನ ಎಂಬ ಮುಳ್ಳುಪೊದೆ. ದಕ್ಷಿಣ ಅಮೆರಿಕ ಖಂಡದ ಕಡೆಯಿಂದ ಅಲಂಕಾರಕ್ಕೆಂದು ಬಂದ ಈ ಗಿಡ ಇಂದು ಬೆಟ್ಟದ ನೆಲವನ್ನೆಲ್ಲ ಕವಿದಿದೆ. ಇದರ ಕೆಳಗೆ ಹುಲ್ಲು ಬೆಳೆಯದು, ಸೊಪ್ಪು ಚಿಗುರದು, ಗೆಣಸಿನ ಬಳ್ಳಿ ಸಿಗದು. ಬೇಸಿಗೆಯ ಆರಂಭದಲ್ಲಿ ನೆಲದ ತರಗಿಗೆ ಮಾತ್ರ ತಗುಲುವಂತೆ ಸಣ್ಣಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಈ ಗಿಡ ಹೆಚ್ಚಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳೂ ಈ ಮಾತನ್ನು ಗಂಭೀರವಾಗಿ ಪರಿಗಣಿಸಿ ಅಧ್ಯಯನ ಮಾಡಿದ್ದಾರೆ.

ಇಷ್ಟರ ನಡುವೆ ಒಳ್ಳೆಯದೂ ಆಗಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ 2011ರಲ್ಲಿ ಈ ಬೆಟ್ಟದ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಅದೇ ವರ್ಷ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯಿಂದ ಮಳೆಗಾಲದ ಹಸಿವು ತಗ್ಗಿತು. ಇದು ಸಣ್ಣ ಮಾತಲ್ಲ.

ಹೊಟ್ಟೆ ತುಂಬಿದರೂ ರಕ್ತ ಏಕೆ ತುಂಬುವುದಿಲ್ಲ?

ಅಕ್ಕಿ ಹೊಟ್ಟೆಯನ್ನು ತುಂಬಿಸುತ್ತದೆ, ಶಕ್ತಿಯನ್ನೂ ಕೊಡುತ್ತದೆ. ಆದರೆ ಬೆಳಿಗ್ಗೆ ಸಕ್ಕರೆ ಹಾಕಿದ ಟೀ ಮತ್ತು ಬನ್ನು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ತಿಳಿಸಾರು ಎಂದಾದರೆ ರಕ್ತ ತಯಾರಾಗುವ ಸಾಮಗ್ರಿ ಎಲ್ಲಿಂದ ಬರಬೇಕು?

ನಮ್ಮ ಮೈಯ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಳೆಯ ಕಣ ಸಾಯುತ್ತದೆ, ಮೂಳೆಯ ಮಜ್ಜೆಯಲ್ಲಿ ಹೊಸ ಕಣ ಹುಟ್ಟುತ್ತದೆ. ಅದಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಮತ್ತು ಸಸಾರಜನಕ ಬೇಕೇ ಬೇಕು. ಆಸ್ಪತ್ರೆಯಲ್ಲಿ ಕೊಟ್ಟ ರಕ್ತ ಆ ದಿನದ ಅಪಾಯವನ್ನು ಕಳೆಯುತ್ತದೆ. ಆ ಕಣಗಳು ಸವೆಯುವುದರೊಳಗೆ ಮೈ ತನ್ನ ಸ್ವಂತ ರಕ್ತವನ್ನು ತಯಾರಿಸಿಕೊಳ್ಳಬೇಕು. ಮನೆಯ ಊಟ ಬದಲಾಗದಿದ್ದರೆ, ಮಾತ್ರೆ ನಡುವೆಯೇ ನಿಂತರೆ, ನಾಲ್ಕಾರು ತಿಂಗಳಲ್ಲಿ ಮತ್ತೆ ಆಸ್ಪತ್ರೆಯ ಮಂಚವೇ ಗತಿ. ನಮ್ಮ ವಾರ್ಡಿನ ತಾಯಿ ಮರಳಿ ಬರುವುದು ಈ ಕಾರಣದಿಂದಲೇ.

ಇದು ಬೆಟ್ಟದವರ ಸಮಸ್ಯೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆಯಿದೆ. ಪರಿಶಿಷ್ಟ ಪಂಗಡದ ಮಹಿಳೆಯರಲ್ಲಿ ಇದು ಇನ್ನೂ ಹೆಚ್ಚು. ಪಕ್ಕದ ಮಂಚದವರನ್ನು ಹೀಗಳೆಯುವ ಮುನ್ನ ನಾವು ನಮ್ಮ ಮನೆಯ ತಟ್ಟೆಯನ್ನೂ ನೋಡಿಕೊಳ್ಳಬೇಕು.

ಒಂದೇ ರಕ್ತ, ಎರಡು ತಟ್ಟೆ

"ನಮ್ಮ ವಂಶವೇ ಹೀಗೆ, ಮೈಗುಣವೇ ಇಷ್ಟು" ಎಂದು ಕೆಲವರು ಕೈಚೆಲ್ಲುತ್ತಾರೆ. ಅಂಥವರು ದೂರದ ದೇಶದ ಒಂದು ಬುಡಕಟ್ಟಿನ ವಿಷಯವನ್ನು ತಿಳಿಯಬೇಕು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಪೀಮಾ ಎಂಬ ಮೂಲನಿವಾಸಿಗಳಿದ್ದಾರೆ. ಮರುಭೂಮಿಯಲ್ಲಿ ನದಿಯ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಮೆಕ್ಕೆಜೋಳ, ಹುರುಳಿಯಂತಹ ಕಾಳು, ಕುಂಬಳ ಬೆಳೆಯುತ್ತಿದ್ದ ಒಕ್ಕಲು ಜನ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೇಲ್ಭಾಗಕ್ಕೆ ಬಂದು ನೆಲೆಸಿದವರು ಆ ನೀರನ್ನು ತಿರುಗಿಸಿಕೊಂಡರು. ಬೇಸಾಯ ಹಾಳಾಯಿತು, ಜನ ಹಸಿದರು. ಮುಂದೆ ಸರ್ಕಾರ ಕೊಟ್ಟ ಬಿಳಿ ಹಿಟ್ಟು, ಸಕ್ಕರೆ, ಕೊಬ್ಬು ಇವೇ ಊಟವಾದವು. ಕಾಲಕ್ರಮದಲ್ಲಿ ಅವರಲ್ಲಿ ಸಕ್ಕರೆ ಕಾಯಿಲೆ ಪ್ರಪಂಚದಲ್ಲಿಯೇ ಅತಿ ಹೆಚ್ಚು ಎನ್ನುವ ಮಟ್ಟಕ್ಕೆ ಏರಿತು.

ಇದೇ ಪೀಮಾ ಜನರ ಬಂಧುಗಳು ಗಡಿಯಾಚೆಯ ಮೆಕ್ಸಿಕೋ ದೇಶದ ಬೆಟ್ಟಗಳಲ್ಲಿ ಹಳೆಯ ಊಟ ಮತ್ತು ಮೈಮುರಿದು ದುಡಿಯುವ ಬಾಳನ್ನು ಉಳಿಸಿಕೊಂಡಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಪೀಮಾ ಜನರಲ್ಲಿ ಶೇ. 38 ಮಂದಿಗೆ ಸಕ್ಕರೆ ಕಾಯಿಲೆಯಿದ್ದರೆ, ಮೆಕ್ಸಿಕೋದ ಬಂಧುಗಳಲ್ಲಿ ಅದು ಸುಮಾರು ಶೇ. 7 ಮಾತ್ರ. ವಂಶ ಒಂದೇ, ತಟ್ಟೆ ಮತ್ತು ದುಡಿಮೆ ಬೇರೆ. ಹಣೆಬರಹವೆಂದು ನಾವು ತಿಳಿದದ್ದರಲ್ಲಿ ಎಷ್ಟೋ ಪಾಲು ಕೈಯಾರೆ ತಿದ್ದಬಹುದಾದದ್ದು ಎಂಬುದಕ್ಕೆ ಇದು ಸಾಕ್ಷಿ.

ನೀರು, ನೆಲ ಮತ್ತು ಹೊಗೆ

ಈಗ ನಮ್ಮ ಬೆಟ್ಟಕ್ಕೆ ಮರಳೋಣ. ಉಂಡದ್ದು ಮೈಗೆ ಹತ್ತಬೇಕಾದರೆ ಸುತ್ತಲಿನ ಪರಿಸರವೂ ಶುಚಿಯಾಗಿರಬೇಕು.

ಕೊಕ್ಕೆಹುಳು: ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಜಾಗದ ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದರೆ ಈ ಹುಳುವಿನ ಮರಿ ಅಂಗಾಲಿನ ಚರ್ಮವನ್ನು ತೂರಿ ಒಳಸೇರುತ್ತದೆ. ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಹುಳು ಹೊಟ್ಟೆಯಲ್ಲಿರುವಾಗ ಎಷ್ಟು ಕಬ್ಬಿಣ ಕೊಟ್ಟರೂ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕುಡಿಯುವ ನೀರು: ಮಳೆಗಾಲದಲ್ಲಿ ಹಳ್ಳದ ನೀರು ಕಲುಷಿತವಾಗಿ ಭೇದಿ ಹರಡುತ್ತದೆ. ಪದೇ ಪದೇ ಭೇದಿಯಾಗುವ ಮಗು ಚೆನ್ನಾಗಿ ಉಂಡರೂ ತೂಕ ಏರುವುದಿಲ್ಲ.

ಒಲೆಯ ಹೊಗೆ: ಕಿಟಕಿಯಿಲ್ಲದ ಗುಡಿಸಿಲಿನಲ್ಲಿ ಸೌದೆ ಒಲೆಯ ಹೊಗೆ ತಾಯಿಯ ಶ್ವಾಸಕೋಶಕ್ಕೂ ಬೆನ್ನಿಗೆ ಕಟ್ಟಿಕೊಂಡ ಕೂಸಿಗೂ ಕೇಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯನ್ನು ಹಿರಿಯರು ಬಲ್ಲರು. ಅಂತಹ ಹೊಗೆಕೊಳವೆಯ ಒಲೆಯಾಗಲಿ, ಸಾಧ್ಯವಿದ್ದರೆ ಗ್ಯಾಸ್ ಒಲೆಯಾಗಲಿ ಇರುವುದು ಒಳ್ಳೆಯದು.

ಕಳೆನಾಶಕ: ಹೊಲದ ಬದುವಿನ ಅಣ್ಣೆ, ಗಣಿಕೆ, ಹೊನಗನ್ನೆ ಸೊಪ್ಪುಗಳನ್ನು ಕಳೆಯೆಂದು ಔಷಧಿ ಹೊಡೆದು ಸುಡುತ್ತಿದ್ದೇವೆ. ಕೂಲಿಗೆ ಹೋದ ತಾಯಂದಿರು ಹಿಂದೆ ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತರುತ್ತಿದ್ದ ಹೊಲಗಳು ಇವು. ಔಷಧಿ ಹೊಡೆದ ಹೊಲದ ಸೊಪ್ಪನ್ನು ಖಂಡಿತ ತರಬೇಡಿ. ಹೊಲದ ಒಡೆಯರಲ್ಲಿ ನಮ್ಮ ವಿನಂತಿ: ಬದುವನ್ನಾದರೂ ಔಷಧಿಯಿಂದ ಉಳಿಸಿ.

ಎಲ್ಲ ರಕ್ತಹೀನತೆಯೂ ಒಂದೇ ಅಲ್ಲ

ಬುಡಕಟ್ಟು ಜನರಲ್ಲಿ, ಸೋಲಿಗರಲ್ಲಿಯೂ ಸಹ, ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ಕಾಯಿಲೆ ಇದೆ. ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲಿಯೇ ಸಾಯುತ್ತದೆ. ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು, ಕಣ್ಣು ಹಳದಿಯಾಗುವುದು, ಎಳೆಯ ಮಕ್ಕಳಲ್ಲಿ ಅಂಗೈ ಅಂಗಾಲು ಊದುವುದು, ಪದೇ ಪದೇ ಜ್ವರ ಇದರ ಲಕ್ಷಣಗಳು.

ಇದು ಯಾರ ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ತಂದೆ ತಾಯಿ ಇಬ್ಬರಲ್ಲಿಯೂ ಇದರ ಅಂಶವಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಒಬ್ಬರಲ್ಲಿ ಮಾತ್ರ ಅಂಶವಿದ್ದು ಇನ್ನೊಬ್ಬರಲ್ಲಿ ಏನೂ ಇಲ್ಲದಿದ್ದರೆ ಮಗುವಿಗೆ ಈ ಕಾಯಿಲೆ ಬರುವುದಿಲ್ಲ, ಅಂಶ ಮಾತ್ರ ಬರಬಹುದು. ಆದ್ದರಿಂದ ಮದುವೆಗೆ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸುವುದು ಜಾಣತನ.

ಸಿಕಲ್ ಸೆಲ್ ರೋಗಿಗೆ ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯನ್ನು ಸುಮ್ಮನೆ ನುಂಗಿಸುತ್ತಾ ಹೋಗಬಾರದು. ಕಬ್ಬಿಣದ ಕೊರತೆ ಇದೆಯೆಂದು ಖಚಿತವಾದರೆ ಮಾತ್ರ ಅದು ಬೇಕು. ಫೋಲಿಕ್ ಆಮ್ಲ, ಹೆಚ್ಚು ನೀರು, ಚುಚ್ಚುಮದ್ದು, ವೈದ್ಯರು ಸೂಚಿಸಿದರೆ ಹೈಡ್ರಾಕ್ಸಿಯೂರಿಯಾ ಮಾತ್ರೆ, ಇವು ಇದರ ಚಿಕಿತ್ಸೆ. ಈ ಕಾಯಿಲೆಯನ್ನು 2047ರೊಳಗೆ ನಿರ್ಮೂಲ ಮಾಡುವ ಗುರಿಯಿಂದ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 40 ವರ್ಷದವರೆಗಿನವರಿಗೆ ಪರೀಕ್ಷೆ ಮಾಡಿ ಕಾರ್ಡು ಕೊಡುವುದು ಇದರ ಭಾಗ. ನಿಮ್ಮ ಕಾರ್ಡು ಇದ್ದರೆ ಆಸ್ಪತ್ರೆಗೆ ಬರುವಾಗ ಮರೆಯದೆ ತನ್ನಿ.

ಮನೆಗೆ ಹೋದ ಮೇಲೆ ಏನು ಮಾಡಬೇಕು?

1. ದಿನಕ್ಕೊಂದು ಹೊತ್ತಾದರೂ ರಾಗಿ ಹಿಟ್ಟು ಇರಲಿ. ಅನ್ನವಿದ್ದರೂ ಜೊತೆಗೆ ಸೊಪ್ಪು ಮತ್ತು ಕಾಳು ಇರಲೇಬೇಕು. ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ ಬಡವರ ಊಟವಲ್ಲ, ಬಲದ ಊಟ.

2. ಊಟದ ಜೊತೆಗೆ ನೆಲ್ಲಿಕಾಯಿ, ನಿಂಬೆಹುಳಿ ಅಥವಾ ಸೀಬೆಹಣ್ಣು ತಿನ್ನಿ. ಊಟದ ಹಿಂದೆ ಮುಂದೆ ಒಂದು ಗಂಟೆ ಟೀ, ಕಾಫಿ ಬೇಡ. ಅವು ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ.

3. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಮೊಳಕೆ ಕಟ್ಟಿದ ರಾಗಿಯ ಗಂಜಿ, ಚೆನ್ನಾಗಿ ಮಸೆದ ಬೇಳೆ ಮತ್ತು ಸೊಪ್ಪು ಕೊಡಿ.

4. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಹೆದರಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಗರ್ಭಿಣಿಯರಿಗೆ 180 ಮಾತ್ರೆ, ಹೆರಿಗೆಯ ಅನಂತರ 180 ಮಾತ್ರೆ ಎಂಬುದು ಸರ್ಕಾರದ ನಿಯಮ.

5. ಜಂತುಹುಳುವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ ಮನೆಯವರೆಲ್ಲರೂ ತೆಗೆದುಕೊಳ್ಳಿ. ಶೌಚಾಲಯ ಬಳಸಿ. ಹೊರಗೆ ಹೋಗುವಾಗ ಕಾಲಿಗೆ ಚಪ್ಪಲಿ ಇರಲಿ. ನೀರನ್ನು ಕುದಿಸಿ ಆರಿಸಿ ಕುಡಿಯಿರಿ.

6. ಕಡ್ಡಿಪುಡಿ, ಹೊಗೆಸೊಪ್ಪು ಹಸಿವನ್ನು ಕೊಂದು ಬಾಯಿಹುಣ್ಣಿಗೆ, ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಬಸುರಿಯರು ಮುಟ್ಟಲೇಬಾರದು.

7. ಸ್ನಾನದ ಮತ್ತು ಪಾತ್ರೆ ತೊಳೆದ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪಪ್ಪಾಯಿ, ಎರಡು ಮಡಿ ದಂಟು ಹಾಕಿ. ಅಜ್ಜಿಯರಿಗೆ ಗೊತ್ತಿರುವ ಸೊಪ್ಪುಗಳ ಹೆಸರನ್ನು ಮಕ್ಕಳು ಕಲಿಯಲಿ. ಗುರುತು ತಿಳಿಯದ ಅಣಬೆ, ಗೆಡ್ಡೆಗಳನ್ನು ಮಾತ್ರ ತಿನ್ನಬೇಡಿ.

8. ಕಾಡಂಚಿನ ಬುಡಕಟ್ಟು ಕುಟುಂಬಗಳಿಗೆ ರಾಜ್ಯ ಸರ್ಕಾರ ಬೇಳೆಕಾಳು, ಎಣ್ಣೆ, ಬೆಲ್ಲ, ತುಪ್ಪ, ಮೊಟ್ಟೆಗಳುಳ್ಳ ಪೌಷ್ಟಿಕ ಆಹಾರವನ್ನು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಮೂಲಕ ಕೊಡುತ್ತದೆ. ನಿಮ್ಮ ಪಾಲನ್ನು ಕೇಳಿ ಪಡೆಯಿರಿ. ಬಂದ ಬೇಳೆ, ತುಪ್ಪವನ್ನು ಅಂಗಡಿಗೆ ಮಾರಬೇಡಿ. ನಮ್ಮ ದಾಸೋಹದಲ್ಲಿ ಸಸ್ಯಾಹಾರ ಮಾತ್ರ ಬಡಿಸುತ್ತೇವೆ. ಆದರೆ ಮನೆಯಲ್ಲಿ ಮೊಟ್ಟೆ, ಮೀನು ತಿನ್ನುವ ರೂಢಿಯಿದ್ದವರು ಆಸ್ಪತ್ರೆಗೆ ಬಂದ ಕಾರಣಕ್ಕೆ ಅದನ್ನು ಬಿಡಬೇಕಾಗಿಲ್ಲ.

ಕೊನೆಯ ಮಾತು

ಬಸವಾದಿ ಶರಣರು ಅನ್ನವನ್ನು ದಾಸೋಹವೆಂದು ಕರೆದು, ಪಂಕ್ತಿಯಲ್ಲಿ ಕುಳಿತವರಲ್ಲಿ ಮೇಲು ಕೀಳು ಎಣಿಸಬಾರದೆಂದು ಹೇಳಿದರು. ಉಣ್ಣುವವರಲ್ಲಿ ಭೇದವೆಣಿಸಬಾರದು ಎಂದಮೇಲೆ ಅವರು ಉಣ್ಣುವ ಅನ್ನದಲ್ಲಿಯೂ ಭೇದವೆಣಿಸಬಾರದು. ಬಿಳಿ ಅನ್ನ ಮೇಲು, ಕರಿ ಹಿಟ್ಟು ಕೀಳು, ಅಂಗಡಿಯ ಬಿಸ್ಕತ್ತು ಮೇಲು, ಹಿತ್ತಲ ಸೊಪ್ಪು ಕೀಳು ಎಂಬ ತಪ್ಪು ಎಣಿಕೆಯಿಂದ ಬೆಟ್ಟದ ಮಕ್ಕಳು ತಮ್ಮ ಮನೆಯ ಊಟಕ್ಕೆ ತಾವೇ ನಾಚುವಂತಾಗಿದೆ. ಆ ನಾಚಿಕೆಯನ್ನು ತಂದವರು ಬಯಲಿನವರಾದ ನಾವು. ಅದನ್ನು ಕಳೆಯಬೇಕಾದವರೂ ನಾವೇ.

ಇಂದು ನಿಮ್ಮ ಪಕ್ಕದ ಮಂಚದಲ್ಲಿ ಪೋಡಿನ ತಾಯಿಯೊಬ್ಬರಿದ್ದರೆ ಅವರ ಬಳಿ ಕುಳಿತು ಯಾವ ಸೊಪ್ಪಿಗೆ ಯಾವ ಕಾಳು ಹಾಕುತ್ತೀರಿ ಎಂದು ಕೇಳಿ ನೋಡಿ. ಅವರಿಗೂ ಸಮಾಧಾನವಾಗುತ್ತದೆ, ನಿಮ್ಮ ಮನೆಗೂ ಒಂದು ಒಳ್ಳೆಯ ಸಾರು ದೊರೆಯುತ್ತದೆ. ಬಿಡುಗಡೆಯಾಗುವ ದಿನ ಔಷಧದ ಚೀಟಿಯೊಂದಿಗೆ ಊಟದ ಚೀಟಿಯನ್ನೂ ಕೇಳಿ ಪಡೆದುಕೊಳ್ಳಿ. ಓದು ಬಾರದವರಿಗೆ ನಮ್ಮ ದಾದಿಯರು ಓದಿ ಹೇಳುತ್ತಾರೆ. ಒಂದು ತಿಂಗಳ ನಂತರ ತಪ್ಪದೆ ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಮುಂದಿನ ಸಲ ನೀವು ಪರೀಕ್ಷೆಗೆ ಮಾತ್ರ ಬರುವಂತಾಗಲಿ, ಮಂಚ ಹಿಡಿಯಲು ಬರುವಂತಾಗದಿರಲಿ ಎಂಬುದು ನಮ್ಮೆಲ್ಲರ ಹಾರೈಕೆ.